ಜಮಖಾನೆಯ ನಾಲ್ಕನೆಯ ಮೂಲೆ

ನಾನು ಹುಟ್ಟಿದ್ದು ಮಸ್ಕತ್ತಿನಲ್ಲಿ, ಬೆಳೆದದ್ದೂ ಅಲ್ಲೇ. ಹಾಗಾಗಿ ನನಗೆ ಭಾರತವೇ ವಿದೇಶ. ಪಾಸ್‌ಪೋರ್ಟ್ ಮಾತ್ರ ಇದನ್ನು ಒಪ್ಪುವುದಿಲ್ಲ. ಅಪ್ಪ ಅಮ್ಮ ಕುಮಟಾದವರು. ಎರಡು ವರ್ಷಕ್ಕೊಮ್ಮೆ ಅಜ್ಜಿಯ ಮನೆಗೆ ಹೋಗುವುದು, ಸಮುದ್ರ ನೋಡುವುದು, ಮೀನು ತಿನ್ನುವುದು, ವಾಪಸ್ಸು ಬರುವುದು. ಇಷ್ಟೇ ನನಗೆ ಗೊತ್ತಿದ್ದ ದೇಶ. ಈ ಸಲ ಒಬ್ಬಳೇ ಹೋದೆ. ಸಮುದ್ರದ ಗಾಳಿಯೇ ಸುಳಿಯದ ಊರಿಗೆ, ಕೆಲಸದ ಮೇಲೆ ಹೋದೆ.

ಕೆಲಸ ಏನೆಂದು ಮೊದಲೇ ಹೇಳಿಬಿಡುತ್ತೇನೆ. ಮಸ್ಕತ್ತಿನ ಒಂದು ಶಿಶುವಿಹಾರದಲ್ಲಿ ನಾನು ಸಹಾಯಕ ಶಿಕ್ಷಕಿ. ಜೊತೆಗೆ ಚಿಕ್ಕ ಮಕ್ಕಳ ಶಿಕ್ಷಣದಲ್ಲಿ ಡಿಪ್ಲೊಮಾ ಓದುತ್ತಿದ್ದೇನೆ. ಅದರ ಕೊನೆಗೆ ಎರಡು ವಾರ ಬೇರೊಂದು ಕಡೆಯ ಮಕ್ಕಳೊಂದಿಗೆ ಗುಂಪು ಚಟುವಟಿಕೆ ನಡೆಸಿ ವರದಿ ಬರೆಯಬೇಕು. ಗುಂಪು ಚಟುವಟಿಕೆ ಎಂದರೆ ಹೆದರಬೇಕಾದ ಮಾತಲ್ಲ. ನಾಲ್ಕು ಮಕ್ಕಳನ್ನು ಒಂದು ಕೆಲಸಕ್ಕೆ ಕೂರಿಸುವುದು. ಆ ಕೆಲಸ ಮಾಡುತ್ತಲೇ ಅವರು ಮಾತಾಡುವುದು, ಎಣಿಸುವುದು, ಸರದಿ ಕಾಯುವುದು ಕಲಿಯುವಂತೆ ನೋಡಿಕೊಳ್ಳುವುದು. ಅಪ್ಪನ ತಂಗಿ ಶಾಲಿನಿ ಅತ್ತೆ ಮದುವೆಯಾಗಿ ವಿಜಯಪುರದಲ್ಲಿದ್ದಾರೆ. ಅವರ ಗೆಳತಿಯೊಬ್ಬರು ಓಡಾಡಿ, ಬಬಲೇಶ್ವರದ ಹತ್ತಿರದ ಒಂದು ಅಂಗನವಾಡಿಯಲ್ಲಿ ನನಗೆ ಅನುಮತಿ ಕೊಡಿಸಿದರು.

ಗುಮ್ಮಟದ ಹಿಂದಿನ ಮನೆ

ಅತ್ತೆಯ ಮನೆ ಗೋಳಗುಮ್ಮಟದ ಹಿಂದಿನ ಓಣಿಯಲ್ಲಿದೆ. ಆ ಓಣಿಯವರು ಗುಮ್ಮಟವನ್ನು ನೋಡುವುದಿಲ್ಲ, ಬಳಸುತ್ತಾರೆ. ಹಾಲಿನ ಅಂಗಡಿ ಎಲ್ಲಿ ಎಂದರೆ, "ಗುಮ್ಮಟಕ್ಕ ಬೆನ್ನ ಮಾಡಿ ನಿಂದ್ರು, ಎಡಕ್ಕ ಹೊಳ್ಳು" ಎನ್ನುತ್ತಾರೆ. ಕುಮಟಾದಲ್ಲಿ ಹುಟ್ಟಿದ ಅತ್ತೆಯೂ ಈಗ ಹೀಗೆಯೇ ಮಾತಾಡುತ್ತಾರೆ. ನಾನು ಪಕ್ಕದ ಮನೆಯವರಿಗೆ "ತಮ್ಮನ್ನು ಭೇಟಿಯಾಗಿ ಸಂತೋಷವಾಯಿತು" ಎಂದಾಗ ಅವರು ಅತ್ತೆಯ ಕಡೆ ತಿರುಗಿ, "ಶಾಲಿನಿ, ನಿಮ್ಮ ಹುಡುಗಿ ರೇಡಿಯೋದಾಗ ಸುದ್ದಿ ಓದಿದಂಗ ಮಾತಾಡ್ತಾಳಲ್ಲ" ಎಂದರು. ಕನ್ನಡ ಸಂಘದ ಶುಕ್ರವಾರದ ತರಗತಿಯಲ್ಲಿ ಕಲಿತ ಕನ್ನಡ. ಅದಕ್ಕೆ ಅಷ್ಟೇ ಬರುತ್ತದೆ.

ಗುಮ್ಮಟವನ್ನು ಒಮ್ಮೆ ಹತ್ತಿ ನೋಡಿದೆ. ಯಾವುದೋ ಶಾಲೆಯ ಮಕ್ಕಳು ಪ್ರವಾಸ ಬಂದಿದ್ದರು. ಮೇಲೆ ಹೋದ ಕೂಡಲೇ ಎಲ್ಲರೂ ಒಟ್ಟಿಗೆ ತಮ್ಮ ತಮ್ಮ ಹೆಸರು ಕೂಗಿದರು. ಗುಮ್ಮಟ ಎಲ್ಲವನ್ನೂ ಕಲಸಿ ವಾಪಸ್ಸು ಎರಚಿತು. ಯಾರಿಗೂ ತಮ್ಮ ಹೆಸರು ಕೇಳಿಸಲಿಲ್ಲ. ಅವರ ಮೇಷ್ಟ್ರು ಸಿಟ್ಟಿನಿಂದ, "ಒಬ್ಬೊಬ್ರ ಒದರ್ರಿಲೇ!" ಎಂದು ಗದರಿದರು. ಗುಮ್ಮಟ ಆ ಒಂದು ಗದರಿಕೆಯನ್ನು ಮಾತ್ರ ಸ್ಪಷ್ಟವಾಗಿ ಹಿಡಿದು ಮತ್ತೆ ಮತ್ತೆ ಹೇಳಿತು. ಮಕ್ಕಳು ಬಿದ್ದು ಬಿದ್ದು ನಕ್ಕರು, ಕೊನೆಗೆ ಮೇಷ್ಟ್ರೂ ನಕ್ಕರು.

ಮರುದಿನದಿಂದ ನನ್ನ ಕೆಲಸ. ಹೊರಡುವ ಮೊದಲು ಅತ್ತೆ ಪಾಠ ಹೇಳಿದರು. "ಇಲ್ಲೆ ಬಸ್ಸಿಗೆ ಸಾಲಿನ್ಯಾಗ ನಿಂತ್ರ ಸೀಟ್ ಸಿಗೂದಿಲ್ಲ. ಬಸ್ ನಿಲ್ಲೂಕಿಂತ ಮೊದ್ಲ ಕಿಟಕ್ಯಾಗ ಬ್ಯಾಗ್ ಒಗಿ. ಬ್ಯಾಗ್ ಕುಂತ್ರ ನೀ ಕುಂತಂಗ."

ಟಿಕೋಟಾ, ಯೋಜನೆಯಲ್ಲಿ ಇಲ್ಲದ ಊರು

ಅತ್ತೆ ಹೇಳಿದಂತೆಯೇ ಮಾಡಿದೆ. ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಬ್ಯಾಗು ಒಗೆದೆ. ಒಳಗಿದ್ದ ಅಜ್ಜಿಯೊಬ್ಬರು ಅದನ್ನು ಹಿಡಿದು ತಮ್ಮ ಪಕ್ಕದ ಸೀಟಿನ ಮೇಲೆ ಮಗುವನ್ನು ಕೂರಿಸಿದ ಹಾಗೆ ಕೂರಿಸಿದರು. "ಬಾ ಮಗಳ, ನಿನ್ನ ಜಾಗಾ ಹಿಡದೇನಿ!" ಎಂದು ಕೂಗಿದರು. ನಾನು ಹೆಮ್ಮೆಯಿಂದ ಬಾಗಿಲಿಗೆ ಹೋಗಿ, ಹತ್ತುವ ಮೊದಲು ಕಂಡಕ್ಟರರನ್ನು ಕೇಳಿದೆ: "ಇದು ಬಬಲೇಶ್ವರಕ್ಕೆ ಹೋಗುತ್ತದೆಯೇ?"

"ಬಬಲೇಶ್ವರದ್ದು ಅಗಾ ಅಲ್ಲಿ ನಿಂತೈತಿ ನೋಡ್ರಿ. ಇದು ಟಿಕೋಟಾ."

"ನನ್ನ ಬ್ಯಾಗು ಒಳಗಿದೆ!"

"ಬ್ಯಾಗ್ ಟಿಕೋಟಾಕ್ಕ ಹೊಂಟೈತಿ. ನೀವೂ ಬರ್ರಿ, ಅದಕ್ಕರ ಒಬ್ರು ಜೋಡಿ ಬೇಕಲ್ಲ."

ಬಸ್ಸು ಆಗಲೇ ಚಲಿಸುತ್ತಿತ್ತು. ನನ್ನ ಮತ್ತು ಬ್ಯಾಗಿನ ನಡುವೆ ಇಡೀ ಊರೇ ನಿಂತಿತ್ತು. ಹತ್ತಿದೆ.

ಟಿಕೋಟಾ ತಲುಪುವಷ್ಟರಲ್ಲಿ ಅಜ್ಜಿ ನನ್ನ ಅಪ್ಪನ ಕೆಲಸ, ಅಮ್ಮನ ತವರು, ನನಗೆ ಮದುವೆಯಾಗದ ಕಾರಣ ಎಲ್ಲವನ್ನೂ ತಿಳಿದುಕೊಂಡಿದ್ದರು. ಇಳಿದ ಮೇಲೆ ಬಿಟ್ಟು ಹೋಗಲಿಲ್ಲ. ಬಬಲೇಶ್ವರದ ಕಡೆ ಹೋಗುವ ಜೀಪು ಹುಡುಕಿ, ಡ್ರೈವರನಿಗೆ ನನ್ನನ್ನು ಒಪ್ಪಿಸಿದರು. "ಏ ತಮ್ಮಾ, ಈ ಹುಡುಗಿ ಪರದೇಶದಿಂದ ಬಂದೈತಿ. ಬಬಲೇಶ್ವರದಾಗ ಅಂಗನವಾಡಿ ಟೀಚರ್ ಕೈಯಾಗ ಕೊಟ್ಟ ಹೋಗು."

"ಕೊಟ್ಟ ಮ್ಯಾಲ ಸಹಿ ಮಾಡಿಸ್ಕೊಂಡ ಬರ್ಲೇನ ಬೇ?" ಎಂದ ಡ್ರೈವರ್.

ಜೀಪಿನಲ್ಲಿ ಎಷ್ಟು ಜನ ಎಂದು ಎಣಿಸಲು ಹೋಗಿ ಹದಿನಾಲ್ಕಕ್ಕೆ ಬಿಟ್ಟೆ, ಏಕೆಂದರೆ ಆಗ ಯಾರೋ ನನ್ನ ಮಡಿಲಿಗೆ ಒಂದು ಮಗುವನ್ನು ಇಟ್ಟರು. ಕೇಳಲಿಲ್ಲ, ಹೇಳಲಿಲ್ಲ. ಜಾಗ ಇರುವುದು ಅಲ್ಲಿ, ಮಗು ಇಲ್ಲಿ, ಇಟ್ಟರು ಅಷ್ಟೇ. ಮಸ್ಕತ್ತಿನಲ್ಲಿ ಇನ್ನೊಬ್ಬರ ಮಗುವಿನ ಮೂಗು ಒರೆಸಲೂ ನಾವು ಎರಡು ಸಲ ಯೋಚಿಸುತ್ತೇವೆ. ಆ ಮಗು ನನ್ನ ತೋಳಿನ ಮೇಲೆ ಜೊಲ್ಲು ಸುರಿಸುತ್ತಾ ನಿದ್ದೆ ಹೋಯಿತು. ಅದು ಯಾರದೆಂದು ಅವರು ಇಳಿಯುವವರೆಗೂ ನನಗೆ ಗೊತ್ತಾಗಲಿಲ್ಲ.

ಬಬಲೇಶ್ವರದ ಹೊರಗಿನ ವಸ್ತಿ, ಮೊದಲ ದಿನ

ಅಂಗನವಾಡಿ ಇರುವುದು ಬಬಲೇಶ್ವರದಿಂದ ಸ್ವಲ್ಪ ಆಚೆ, ಹೊಲಗಳ ನಡುವಿನ ಒಂದು ವಸ್ತಿಯಲ್ಲಿ. ವಸ್ತಿ ಎಂದರೆ ಹೊಲದಲ್ಲೇ ಮನೆ ಕಟ್ಟಿಕೊಂಡವರ ಹತ್ತಿಪ್ಪತ್ತು ಮನೆಗಳು. ಟೀಚರ್ ಮಹಾದೇವಿ ಅಕ್ಕ ಸ್ಕೂಟಿಯಲ್ಲಿ ಬಂದು ನನ್ನನ್ನು ಕರೆದುಕೊಂಡು ಹೋದರು. ಮಾತಿಗಿಂತ ನಗು ಜಾಸ್ತಿ ಇರುವ ಹೆಂಗಸು. ನನ್ನ ಟಿಕೋಟಾ ಕಥೆ ಕೇಳಿ ಸ್ಕೂಟಿ ನಿಲ್ಲಿಸಿ ನಕ್ಕರು.

ಒಂದೇ ಕೋಣೆ. ಗೋಡೆಯ ಮೇಲೆ ಮಾವಿನಹಣ್ಣು, ಆನೆ, ಒಂದರಿಂದ ಹತ್ತು. ಹೊರಗೆ ಬೇವಿನ ಮರ, ಒಳಗೆ ನೀಲಿ ಕೆಂಪು ಪಟ್ಟೆಯ ದೊಡ್ಡ ಜಮಖಾನೆ, ಅದರ ಮೇಲೆ ಹದಿನೈದು ಮಕ್ಕಳು. ಅಡುಗೆ ಮಾಡುವ ಸಹಾಯಕಿಯ ಹೆಸರು ಶಾಂತವ್ವ; ಮಕ್ಕಳಿಗೆ ಅವರು ಶಾಂತವ್ವಾಯಿ, ಅಂದರೆ ಶಾಂತವ್ವಜ್ಜಿ. ನಮ್ಮ ಶಿಶುವಿಹಾರದಲ್ಲಿ ಪ್ರತಿ ಮಗುವಿಗೂ ಹೆಸರು ಬರೆದ ಕ್ರೇಯಾನ್ ಡಬ್ಬಿ ಇರುತ್ತದೆ. ಇಲ್ಲಿ ಎಲ್ಲರಿಗೂ ಸೇರಿ ಒಂದು ಡಬ್ಬಿ. ಅದರಲ್ಲಿನ ಕೆಂಪು ಬಣ್ಣ ಉಗುರಿನಷ್ಟು ಉಳಿದಿತ್ತು. ಎಲ್ಲರ ಸೂರ್ಯನೂ ಕೆಂಪೇ ಆಗಬೇಕಲ್ಲ.

ಹದಿನಾರನೆಯ ಮಗು ಜಮಖಾನೆಯ ಮೇಲೆ ಇರಲಿಲ್ಲ. ಹೊಸ್ತಿಲ ಮೇಲೆ, ನಮಗೆ ಬೆನ್ನು ಹಾಕಿ, ಹೊಲದ ಕಡೆ ಮುಖ ಮಾಡಿ ಕೂತಿತ್ತು.

"ಆಕಿ ಲಕ್ಕವ್ವ ರೀ," ಎಂದರು ಮಹಾದೇವಿ ಅಕ್ಕ, ದನಿ ತಗ್ಗಿಸಿ. "ನಾಕ ವರ್ಷದಾಕಿ. ಸಾಲಿಗೆ ಬರಾಕತ್ತಿ ಹದಿನೈದ ದಿನ ಆತು. ಇನ್ನೂ ಹೊಸ್ತಿಲ ದಾಟಿ ಒಳಗ ಬಂದಿಲ್ಲ."

ಲಕ್ಕವ್ವನ ಅಪ್ಪ ಅಮ್ಮ ಕುರಿ ಸಾಕುವವರು. ಪ್ರತಿ ವರ್ಷ ಚಳಿಗಾಲದ ಹೊತ್ತಿಗೆ ಕುರಿ ಹೊಡೆದುಕೊಂಡು ಹೊಳೆದಂಡೆಯ ಊರುಗಳ ಕಡೆ ಹೋಗುತ್ತಾರೆ, ಮಳೆಗಾಲಕ್ಕೆ ತಿರುಗಿ ಬರುತ್ತಾರೆ. ಇಲ್ಲಿಯವರೆಗೆ ಲಕ್ಕವ್ವನೂ ಅವರ ಜೊತೆ ಹೋಗುತ್ತಿದ್ದಳು. ಈ ವರ್ಷ ಅವಳನ್ನು ಅಜ್ಜಿ ಬಾಯವ್ವನ ಹತ್ತಿರ ಬಿಟ್ಟು ಹೋದರೆ ಅಂಗನವಾಡಿ ತಪ್ಪುವುದಿಲ್ಲ, ಮುಂದೆ ಶಾಲೆಯೂ ತಪ್ಪುವುದಿಲ್ಲ ಎಂದು ಮಹಾದೇವಿ ಅಕ್ಕ ತಿಂಗಳುಗಟ್ಟಲೆ ಹೇಳಿ ಒಪ್ಪಿಸಿದ್ದರು. ಪೂರ್ತಿ ಒಪ್ಪಿಗೆಯಲ್ಲ, ಅರ್ಧ ಒಪ್ಪಿಗೆ.

"ಅವರವ್ವ ಮಾಳವ್ವ ಏನಂದಾಳ ಗೊತ್ತೇನ್ರಿ? ಕೂಸು ಹೊಂದ್ಕೊಂಡ್ರ ಬಿಟ್ಟ ಹೊಕ್ಕೀನಿ, ಹಿಂಗ ಹೊಸ್ತಿಲ ಮ್ಯಾಲ ಕುಂತ್ರ ಬಿಡೂದಿಲ್ಲ ಅಂದಾಳ. ಮುಂದಿನ ವಾರ ಗುರುವಾರ ಹೊಂಡ್ತಾರ. ಹ್ವಾದ ವರ್ಷ ಇಂಥಾ ಒಂದ ಹುಡುಗ ಹೋತ್ರಿ. ತಿರುಗಿ ಬಂದಾಗ ಎಲ್ಲಾ ಮರ್ತಿತ್ತು. ಹಾಡ, ಬಣ್ಣ, ನನ್ನ ಹೆಸರ ಸೈತ."

ಗುರುವಾರಕ್ಕೆ ಇನ್ನೂ ಸಮಯವಿತ್ತು. ನನ್ನ ಬ್ಯಾಗಿನ ತುಂಬ ಚಟುವಟಿಕೆಗಳಿದ್ದವು. ಬಿಡಿ, ಇದು ನನ್ನಿಂದಾಗುವ ಕೆಲಸ ಎಂದುಕೊಂಡೆ.

ದಾರ ಕಟ್ಟಿದ ಮೇಲೆ

ಮೊದಲ ಕೆಲಸ ಗುಂಪು ಮಾಡುವುದು. ಮಸ್ಕತ್ತಿನಲ್ಲಿ ಮಾಡುವಂತೆ ಮಕ್ಕಳ ಮಣಿಕಟ್ಟಿಗೆ ಬಣ್ಣದ ಉಲನ್ ದಾರ ಕಟ್ಟಿದೆ. ಕೆಂಪು ನಾಲ್ವರು, ಹಳದಿ ನಾಲ್ವರು, ನೀಲಿ ನಾಲ್ವರು. ಹಸಿರಿಗೆ ಮೂವರೇ ಉಳಿದರು: ಜೋರು ಗಂಟಲಿನ ಸಿದ್ದು, ಎಲ್ಲದಕ್ಕೂ ಪ್ರಶ್ನೆ ಕೇಳುವ ಭಾಗ್ಯ, ಯಾವಾಗಲೂ ಏನಾದರೂ ಅಗಿಯುತ್ತಿರುವ ಪ್ರಜ್ವಲ್. ನಾಲ್ಕನೆಯವಳು ಲಕ್ಕವ್ವ ಎಂದು ನನ್ನ ಲೆಕ್ಕ. ದಾರ ಹಿಡಿದು ಹೊಸ್ತಿಲಿಗೆ ಹೋದರೆ ಅವಳು ಎರಡೂ ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಳು.

ಪ್ರತಿ ಗುಂಪಿಗೂ ನಾಲ್ಕು ತುಂಡಿನ ಒಂದು ಚಿತ್ರ ಕೊಟ್ಟೆ. ಒಬ್ಬೊಬ್ಬರಿಗೆ ಒಂದು ತುಂಡು, ಸೇರಿಸಿದರೆ ಹಸು. ನೀಲಿ ಗುಂಪಿನವರು ತಮ್ಮ ತಮ್ಮ ತುಂಡಿನ ಮೇಲೆ ಕೂತುಬಿಟ್ಟರು, ಯಾರೂ ಕದಿಯಬಾರದೆಂದು. ಹಳದಿ ಗುಂಪಿನಲ್ಲಿ ಒಬ್ಬಳೇ ಎಲ್ಲ ತುಂಡು ಕಸಿದು ಹಸು ಜೋಡಿಸಿ, ಉಳಿದ ಮೂವರಿಗೆ ಚಪ್ಪಾಳೆ ತಟ್ಟಲು ಹೇಳಿದಳು. ಹಸಿರಿನವರು ಬಾಲವಿಲ್ಲದ ಹಸು ಮಾಡಿ, "ಆತ್ರಿ ಅಕ್ಕಾರ!" ಎಂದರು. ಬಾಲದ ತುಂಡು ನನ್ನ ಕೈಯಲ್ಲೇ ಇತ್ತು. ಯಾರೂ ಕೇಳಲಿಲ್ಲ.

ನಿಜವಾದ ಫಜೀತಿ ಮರುದಿನದ್ದು. ಮಕ್ಕಳನ್ನು ಬಿಡಲು ಬಂದ ತಾಯಂದಿರು, ಅಜ್ಜಿಯರು ನನ್ನ ಸುತ್ತ ನೆರೆದರು.

"ಅಕ್ಕಾರ, ದಾರ ಯಾವ ಗುಡಿದು ರೀ?"

"ಗುಡಿಯದಲ್ಲ, ಗುಂಪು ಮಾಡಲು..."

"ಏನರ ಆಗ್ಲಿ ಬಿಡ್ರಿ, ಚಲೋ ದಾರ. ನಮ್ಮ ಪ್ರಜ್ಯಾ ನಿದ್ದ್ಯಾಗ ಬೆಚ್ಚತಿದ್ದ, ನಿನ್ನೆ ಬೆಚ್ಚಲಿಲ್ಲ. ಇವನ ತಮ್ಮಗೂ ಒಂದ ಕಟ್ರಿ."

ದಿನಕ್ಕೊಮ್ಮೆ ದಾರ ಬಿಚ್ಚಿ ಗುಂಪು ಬದಲಿಸುವುದು ನನ್ನ ಯೋಜನೆ. ಕತ್ತರಿ ತೆಗೆದದ್ದೇ ತಡ, ಒಬ್ಬ ಅಜ್ಜಿ ನನ್ನ ಕೈ ಹಿಡಿದರು. ಮಹಾದೇವಿ ಅಕ್ಕ ನಗು ತಡೆದುಕೊಂಡು ವಿವರಿಸಿದರು. "ಇನ್ನ ಬಿಚ್ಚಾಂಗಿಲ್ರಿ. ಕಟ್ಟಿದ ದಾರ ತಾನ ಹರದ ಬೀಳಬೇಕು." ಹೀಗೆ ನನ್ನ ಗುಂಪುಗಳು ಖಾಯಂ ಆದವು. ತಮ್ಮಂದಿರು, ತಂಗಿಯರು, ಒಂದು ಆಡಿನ ಮರಿ ಸೇರಿ ಆ ದಿನ ಒಂಬತ್ತು ದಾರ ಹೆಚ್ಚುವರಿಯಾಗಿ ಕಟ್ಟಿದೆ.

ಇದರಲ್ಲಿ ನಗಲಾಗದ್ದೂ ಒಂದಿತ್ತು. ಆಟದ ನಡುವೆ ನಾನು "ಲಕ್ಕವ್ವನನ್ನು ಕರೆಯಿರಿ" ಎಂದಾಗ ಭಾಗ್ಯ ತನ್ನ ಮಣಿಕಟ್ಟು ತೋರಿಸಿ ಹೇಳಿದಳು: "ಆಕಿಗೆ ದಾರ ಇಲ್ರಿ. ಆಕಿ ನಮ್ಮ ಗುಂಪಿನಕಿ ಅಲ್ಲ." ಅವಳಿಗೆ ಕೆಟ್ಟ ಉದ್ದೇಶವಿರಲಿಲ್ಲ. ನಾನೇ ಹೇಳಿಕೊಟ್ಟ ನಿಯಮವನ್ನು ನನಗೆ ಒಪ್ಪಿಸಿದಳು ಅಷ್ಟೇ. ನಾನು ಬರುವ ಮೊದಲು ಲಕ್ಕವ್ವ ಹೊಸ್ತಿಲ ಮೇಲೆ ಕೂತಿದ್ದ ಒಂದು ಮಗು. ಈಗ ಅವಳು ಯಾವ ಗುಂಪಿಗೂ ಸೇರದ ಮಗು.

ಮೂರನೆಯ ದಿನ ಜಾಣತನ ಮಾಡಲು ಹೋದೆ. ಎಲ್ಲರೂ ಕುರಿಗಳು, ಲಕ್ಕವ್ವ ಕುರಿ ಕಾಯುವವಳು ಎಂಬ ಆಟ. ಅವಳಿಗೆ ಗೊತ್ತಿರುವ ಲೋಕ, ಖಂಡಿತ ಎದ್ದು ಬರುತ್ತಾಳೆ ಎಂದುಕೊಂಡಿದ್ದೆ. ಸಿದ್ದು ಅವಳ ಕಿವಿಯ ಹತ್ತಿರ ಹೋಗಿ "ಬ್ಯಾಂ" ಎಂದ. ಹದಿನೈದೂ ಮಕ್ಕಳು ಬ್ಯಾಂ ಎಂದರು. ಲಕ್ಕವ್ವ ಕಿವಿ ಮುಚ್ಚಿಕೊಂಡು ಬೇವಿನ ಮರದ ಹಿಂದೆ ಓಡಿದಳು.

"ಮನ್ಯಾಗ ದಿನಾ ಅದನ್ನ ನೋಡ್ತಾಳ," ಎಂದರು ಶಾಂತವ್ವ, ಅಕ್ಕಿ ಆರಿಸುತ್ತಾ. "ಸಾಲ್ಯಾಗೂ ಅದನ್ನ ತಂದ್ರ ಪಾಪ, ಕೂಸರ ಎಲ್ಲಿಗೆ ಹೋಗಬೇಕು?"

ಮೂರು ದಿನದ ಲೆಕ್ಕ: ನಾನು ನಡೆಸಿದ ಚಟುವಟಿಕೆ ಆರು, ಲಕ್ಕವ್ವ ಸೇರಿದ್ದು ಸೊನ್ನೆ.

ಐದನೆಯ ದಿನ, ಊಟದ ನಂತರ

ಊಟವಾದ ಮೇಲೆ ಜಮಖಾನೆ ಮಡಚಿ ಕೋಣೆ ಗುಡಿಸುವುದು ಶಾಂತವ್ವನ ಕೆಲಸ. ಆ ದಿನ ಅವರಿಗೆ ಸೊಂಟ ನೋವು. "ಹುಡುಗೂರಾ, ಇವತ್ತ ನೀವ ಮಡಚ್ರಿ ನೋಡೂಣು" ಎಂದು ಗೋಡೆಗೆ ಒರಗಿ ಕೂತರು. ಹಸಿರು ದಾರದವರು ಓಡಿ ಬಂದರು.

ಮೂರು ಮಕ್ಕಳು ಮೂರು ಮೂಲೆ ಹಿಡಿದರು. ನಾಲ್ಕನೆಯ ಮೂಲೆ ಹೊಸ್ತಿಲ ಹತ್ತಿರ ನೆಲದ ಮೇಲೆ ಬಿದ್ದಿತ್ತು. ಎತ್ತಿ ಎಳೆದರೆ ಜಮಖಾನೆ ಸೊಟ್ಟಗಾಗಿ, ಮೇಲಿದ್ದ ಅನ್ನದ ಅಗುಳು ಪ್ರಜ್ವಲ್‌ನ ಕಾಲ ಮೇಲೆ ಉದುರಿದವು.

"ಪ್ರಜ್ಯಾ, ನೀ ಎರಡ ಮೂಲಿ ಹಿಡಿ ಲೇ!" ಎಂದ ಸಿದ್ದು.

"ನನಗ ಎರಡ ಕೈ ಅಷ್ಟ ಅದಾವು."

"ಎರಡ ಮೂಲಿಗೆ ಎರಡ ಕೈ ಸಾಕಲ್ಲೋ!"

"ಮೂಲಿ ದೂರ ಐತಲೇ! ನನ್ನ ಕೈ ಹಗ್ಗ ಏನ?"

ನಾನು ಸಹಾಯಕ್ಕೆ ಹೆಜ್ಜೆ ಇಟ್ಟೆ. ಮಹಾದೇವಿ ಅಕ್ಕ ನನ್ನ ದುಪಟ್ಟಾ ಹಿಡಿದು ನಿಲ್ಲಿಸಿದರು. "ತಡೀರಿ. ಏನಾಕ್ಕೈತೋ ನನಗೂ ಗೊತ್ತಿಲ್ಲ. ಸುಮ್ನ ತಡೀರಿ."

ಲಕ್ಕವ್ವ ತಿರುಗಿ ನೋಡಿದಳು. ಆ ಮೂಲೆ ಅವಳ ಪಾದದಿಂದ ಒಂದು ಗೇಣು ದೂರವಿತ್ತು. ಯಾರೂ ಅವಳನ್ನು ಕರೆಯಲಿಲ್ಲ. ಅವರೆಲ್ಲ ಜಗಳದಲ್ಲಿದ್ದರು. ಅವಳು ಬಾಗಿ ಮೂಲೆ ಎತ್ತಿಕೊಂಡಳು. ಹೊಸ್ತಿಲ ಮೇಲೆಯೇ ನಿಂತು ಎತ್ತಿಕೊಂಡಳು. ಜಮಖಾನೆ ನೆಟ್ಟಗಾಯಿತು.

ಆದರೆ ಮಡಚಬೇಕೆಂದರೆ ಮೂಲೆ ಹಿಡಿದವರು ಒಬ್ಬರ ಕಡೆ ಒಬ್ಬರು ನಡೆಯಲೇಬೇಕಲ್ಲ. ಎದುರಿನ ಮೂಲೆಯಲ್ಲಿ ಭಾಗ್ಯ ಇದ್ದಳು. "ಬಾ ಬಾ, ಇತ್ತ ಬಾ" ಎಂದಳು, ದಾರದ ಮಾತನ್ನು ಪೂರ್ತಿ ಮರೆತು. ಲಕ್ಕವ್ವ ಹೊಸ್ತಿಲಿಂದ ಇಳಿದಳು. ಒಂದು ಹೆಜ್ಜೆ, ಇನ್ನೊಂದು ಹೆಜ್ಜೆ. ಕೋಣೆಯ ನಡುವೆ ಇಬ್ಬರ ಕೈಗಳು ತಾಗಿದವು. ಮೂಲೆಗೆ ಮೂಲೆ ಸೇರಿಸಿ, ಇನ್ನೊಂದು ಸಲ ಮಡಚಿ, ನಾಲ್ವರೂ ಅದರ ಮೇಲೆ ಬಿದ್ದು ಗಾಳಿ ಹೊರಹಾಕಿದರು. ಆಮೇಲೆ ಲಕ್ಕವ್ವನಿಗೆ ತಾನು ಎಲ್ಲಿದ್ದೇನೆ ಎಂದು ಗೊತ್ತಾಯಿತು. ಥಟ್ಟನೆ ಎದ್ದು ಹೊಸ್ತಿಲಿಗೆ ಓಡಿದಳು. ಆದರೆ ಈ ಸಲ ನಮ್ಮ ಕಡೆ ಮುಖ ಮಾಡಿ ಕೂತಳು.

ಆ ಸಂಜೆ ಬಸ್ಸಿನಲ್ಲಿ (ಸರಿಯಾದ ಬಸ್ಸಿನಲ್ಲಿ) ನನಗೆ ಹೊಳೆದದ್ದು ಸಣ್ಣ ವಿಷಯ. ನನ್ನ ಆಟಗಳಲ್ಲಿ ಒಬ್ಬರು ಇಲ್ಲದಿದ್ದರೂ ಆಟ ನಡೆಯುತ್ತಿತ್ತು. ಬಾಲವಿಲ್ಲದ ಹಸುವೂ ಹಸುವೇ. ನಾನು ಮಕ್ಕಳನ್ನು ಒಟ್ಟಿಗೆ ಕೂರಿಸಿದ್ದೆ, ಒಬ್ಬರಿಗೊಬ್ಬರು ಬೇಕಾಗುವಂತೆ ಮಾಡಿರಲಿಲ್ಲ.

ಚಿತ್ರದ ತುಂಡುಗಳನ್ನು ಬ್ಯಾಗಿಗೆ ಹಾಕಿದೆ. ಅತ್ತೆಯ ಹಳೆಯ ಸೀರೆಯನ್ನು ನಾಲ್ಕು ಚೌಕ ಕತ್ತರಿಸಿಕೊಂಡು ಹೋದೆ. ಒಂದೊಂದು ಚೌಕಕ್ಕೆ ನಾಲ್ಕು ಮೂಲೆ, ನಡುವೆ ಒಂದು ಬಟ್ಟೆಯ ಚೆಂಡು. ಎಲ್ಲರೂ ಒಟ್ಟಿಗೆ ಎತ್ತಿದರೆ ಚೆಂಡು ಹಾರುತ್ತದೆ, ಒಬ್ಬರು ಬಿಟ್ಟರೆ ಉರುಳಿ ಬೀಳುತ್ತದೆ. ಎಷ್ಟು ಸಲ ಹಾರಿತು ಎಂದು ಎಲ್ಲರೂ ಸೇರಿ ಎಣಿಸಬೇಕು. ಮೊದಲ ದಿನ ಲಕ್ಕವ್ವ ಹೊಸ್ತಿಲ ಹತ್ತಿರವೇ ನಿಂತು ಮೂಲೆ ಹಿಡಿದಳು, ಹಸಿರು ಗುಂಪು ಅವಳ ಹತ್ತಿರ ಹೋಯಿತು. ಎರಡನೆಯ ದಿನ ಕೋಣೆಯ ನಡುವೆ ನಿಂತಳು. ಪ್ರಜ್ವಲ್ ಏನನ್ನೋ ಅಗಿಯುತ್ತಾ ಕೈ ಇಳಿಸಿದಾಗ ಅವಳ ಬಾಯಿಂದ ಮೊದಲ ಮಾತು ಬಂತು, ನಮಗೆಲ್ಲ ಕೇಳುವಷ್ಟು ಜೋರಾಗಿ: "ಎತ್ತಲೇ ಪ್ರಜ್ಯಾ!"

ಮಹಾದೇವಿ ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹೊರಗೆ ಹೋದರು. ನಗಲೋ ಅಳಲೋ ಗೊತ್ತಿಲ್ಲ.

ಬಬಲೇಶ್ವರದ ಸಂತೆ

ಸಂತೆಯ ದಿನ ನಾನು ಮಕ್ಕಳಿಗೆ ಶೇಂಗಾ ಕೊಳ್ಳಲು ಹೋಗಿದ್ದೆ. ಅಲ್ಲಿ ಲಕ್ಕವ್ವನ ತಾಯಿ ಮಾಳವ್ವ ಹಗ್ಗ ಕೊಳ್ಳುತ್ತಿದ್ದರು. ಪ್ರಯಾಣದ ತಯಾರಿ. ಎತ್ತರದ ಹೆಂಗಸು, ಹಗ್ಗದ ಎರಡೂ ತುದಿ ಹಿಡಿದು ಎಳೆದು ಎಳೆದು ನೋಡುತ್ತಿದ್ದರು. ನಾನು ಹೋಗಿ ಸಂಭ್ರಮದಿಂದ ಹೇಳಿದೆ: ಲಕ್ಕವ್ವ ಈಗ ಒಳಗೆ ಬರುತ್ತಾಳೆ, ಆಡುತ್ತಾಳೆ, ಐದರವರೆಗೆ ಎಣಿಸುತ್ತಾಳೆ.

"ಆಕಿ ಆಯಿ ಹೇಳ್ಯಾಳ್ರಿ," ಎಂದರು. "ಛಲೋ ಆತು. ಆದ್ರ ನೀವ್ ಇದ್ದೀರಿ ಅಂತ ಬರ್ತಾಳ. ಹೊಸಾ ಅಕ್ಕ, ಹೊಸಾ ಚೆಂಡ. ನೀವ್ ಶನಿವಾರ ಹೊಕ್ಕೀರಂತ. ಆಮ್ಯಾಲ?"

"ಮಹಾದೇವಿ ಅಕ್ಕ ಇದ್ದಾರಲ್ಲ."

"ಆಕಿ ಒಬ್ಬಾಕಿ. ಹುಡುಗೂರು ಅಷ್ಟ ಮಂದಿ." ಹಗ್ಗವನ್ನು ಸುತ್ತಿ ಹೆಗಲಿಗೆ ಹಾಕಿಕೊಂಡರು. "ಅಕ್ಕಾರ, ನಮ್ಮ ಹಿಂಡಿನ್ಯಾಗ ಒಂದ ಮರಿ ಕಡಿಮಿ ಆದ್ರ ನಾವ್ ಮುಂದ ಹೋಗೂದಿಲ್ಲ. ಹೊಳ್ಳಿ ಹೋಗಿ ಹುಡಕ್ತೀವಿ. ನನ್ನ ಮಗಳು ಒಂದ ದಿನ ಸಾಲ್ಯಾಗ ಇಲ್ಲಂದ್ರ, ಇಲ್ಲ ಅಂತ ಯಾರಿಗರ ಗೊತ್ತಾಕ್ಕೈತೇನ್ರಿ? ಅಷ್ಟ ಹೇಳ್ರಿ, ಬಿಟ್ಟ ಹೊಕ್ಕೀನಿ."

ಹೌದು ಎನ್ನಬಹುದಿತ್ತು. ಹಾಜರಿ ಕರೆಯುತ್ತಾರೆ, ಗೊತ್ತಾಗುತ್ತದೆ ಎನ್ನಬಹುದಿತ್ತು. ಆದರೆ ಅವರು ಕೇಳಿದ್ದು ಹಾಜರಿಯ ಮಾತಲ್ಲ. ನನಗೆ ಗೊತ್ತಿಲ್ಲ ಎಂದೆ. ಮಾಳವ್ವ ತಲೆ ಆಡಿಸಿ, ನನ್ನ ಶೇಂಗಾದ ಚೀಲಕ್ಕೆ ಕೈ ಹಾಕಿ ಒಂದನ್ನು ಒಡೆದು ನೋಡಿ, "ಜೊಳ್ಳ ಕೊಟ್ಟಾನ, ಬದಲಿಸ್ಕೊಳ್ರಿ" ಎಂದು ಹೊರಟುಹೋದರು.

ಗುರುವಾರ

ಗುರುವಾರ ಬೆಳಿಗ್ಗೆ ಲಕ್ಕವ್ವ ಬರಲಿಲ್ಲ.

"ಕರಕೊಂಡ ಹೊಂಟಾರ ಕಾಣತೈತಿ," ಎಂದರು ಮಹಾದೇವಿ ಅಕ್ಕ. ಅವರ ಮುಖದಲ್ಲಿ ನಗು ಇಲ್ಲದ್ದನ್ನು ನಾನು ನೋಡಿದ್ದು ಅದೇ ಮೊದಲು. "ಅವ್ವ ಆಕಿ. ಏನಂತ ಜಬರದಸ್ತಿ ಮಾಡೂದು?"

ಸಿದ್ದು ಸೀರೆಯ ಚೌಕ ಹಿಡಿದುಕೊಂಡು ಬಂದ. "ಅಕ್ಕಾರ, ಒಂದ ಮೂಲಿಗೆ ಯಾರೂ ಇಲ್ಲ."

"ಇವತ್ತು ಮೂವರೇ ಆಡಿ," ಎಂದೆ. ನನ್ನ ಮನಸ್ಸು ಅಲ್ಲಿರಲಿಲ್ಲ. ಅವನು ಸ್ವಲ್ಪ ಹೊತ್ತು ನನ್ನನ್ನೇ ನೋಡಿ ಹೋದ. ನಾನು ಗೋಡೆಗೆ ಚಿತ್ರ ಅಂಟಿಸಲು ತಿರುಗಿದೆ. ಮಹಾದೇವಿ ಅಕ್ಕ ಕೆಂಪು ಗುಂಪಿನ ಜಗಳ ಬಿಡಿಸುತ್ತಿದ್ದರು, ಶಾಂತವ್ವ ಒಲೆಯ ಮುಂದಿದ್ದರು.

ಚಿತ್ರ ಅಂಟಿಸಿ ತಿರುಗಿ, ಅಭ್ಯಾಸದಂತೆ ತಲೆ ಎಣಿಸಿದೆ. ಹನ್ನೆರಡು. ಮತ್ತೆ ಎಣಿಸಿದೆ. ಹನ್ನೆರಡು. ಬಾಗಿಲು ತೆರೆದಿತ್ತು.

ರಸ್ತೆ, ಬಾವಿ, ಜೀಪು ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದವು. ಮಹಾದೇವಿ ಅಕ್ಕ ಉಳಿದ ಮಕ್ಕಳನ್ನು ಬಳಿಗೆ ಎಳೆದುಕೊಂಡು, "ಓಡ್ರಿ!" ಎಂದರು. ಶಾಂತವ್ವ ಸೊಂಟ ನೋವು ಮರೆತು ನನಗಿಂತ ಮುಂದೆ ಓಡಿದರು. ತೊಗರಿ ಹೊಲದ ಬದುವಿನಲ್ಲಿ ಒಬ್ಬರು ಕಳೆ ಕೀಳುತ್ತಿದ್ದರು. "ಮೂರ ಹುಡುಗೂರೇನು? ಕೈ ಕೈ ಹಿಡ್ಕೊಂಡ ಹೋದ್ವಲ್ಲ, ಕುರಿದಡ್ಡಿ ಕಡೆ" ಎಂದು ಕೈ ತೋರಿಸಿದರು.

ಕುರಿದಡ್ಡಿ ಎಂದರೆ ಕುರಿ ಕೂಡಿಹಾಕುವ ದೊಡ್ಡಿ, ಲಕ್ಕವ್ವನ ಮನೆ.

ಬೇಲಿಯ ಹತ್ತಿರ ಬಂದು ನಿಂತೆವು, ಉಸಿರು ಸಿಗದೆ. ಕುರಿಗಳು ಆಗಲೇ ಹೊರಬಿದ್ದು ದಾರಿ ಹಿಡಿದಿದ್ದವು. ದೂರದಲ್ಲಿ ಲಕ್ಕವ್ವನ ಅಪ್ಪನ ಕೂಗು ಕೇಳುತ್ತಿತ್ತು. ಅಂಗಳದಲ್ಲಿ ಒಂದು ಕುದುರೆ, ಅದರ ಬೆನ್ನಿನ ಎರಡೂ ಬದಿಗೆ ಗಂಟುಗಳು. ಲಕ್ಕವ್ವ ತಲೆಗೆ ಎಣ್ಣೆ ಹಚ್ಚಿ ಬಾಚಿಸಿಕೊಂಡು, ಹೊಸ ಬಳೆ ಹಾಕಿಕೊಂಡು ಕಟ್ಟೆಯ ಮೇಲೆ ಕೂತಿದ್ದಳು. ಅಳುತ್ತಿರಲಿಲ್ಲ. ಮಾಳವ್ವನ ಮುಂದೆ ಮೂರು ಮಕ್ಕಳು ನಿಂತಿದ್ದರು, ಸಿದ್ದುವಿನ ಕೈಯಲ್ಲಿ ಸೀರೆಯ ಚೌಕ.

ಶಾಂತವ್ವ ಬೈಯಲು ಬಾಯಿ ತೆರೆದರು. ನಾನು ಅವರ ಕೈ ಒತ್ತಿ ಹಿಡಿದೆ.

"ಲಕ್ಕವ್ವನ ಕಳಸ್ರಿ," ಎನ್ನುತ್ತಿದ್ದ ಸಿದ್ದು. "ಚೆಂಡ ಬೀಳಾಕತ್ತೈತಿ."

"ಯಾರ ಕಳಿಸ್ಯಾರಲೇ ನಿಮ್ಮನ್ನ? ಟೀಚರ್ ಹೇಳ್ಯಾರೇನು?"

"ಇಲ್ಲ. ಅಕ್ಕಾರ ಮೂರ ಮಂದೀನ ಆಡ್ರಿ ಅಂದ್ರು. ಅವರಿಗೆ ತಿಳಿಯೂದಿಲ್ಲ. ಮೂರ ಮಂದಿಗೆ ಬರೂದಿಲ್ಲ ಅದು."

"ನಾ ಹುಡುಕೂನು ಅಂದೆ," ಎಂದಳು ಭಾಗ್ಯ. "ಈ ಸಿದ್ಯಾ ದಾರಿ ತಪ್ಪಿದ್ದ."

"ನಾ ತಪ್ಪಿಲ್ಲ! ನಾಯಿ ಇತ್ತು, ಸುತ್ತ ಹಾಕಿದ್ನಿ."

ಮಾಳವ್ವ ಮೂರು ಮಕ್ಕಳ ಮುಖವನ್ನು ಒಂದೊಂದಾಗಿ ನೋಡಿದರು. ಪ್ರಜ್ವಲ್ ಅಗಿಯುವುದನ್ನು ನಿಲ್ಲಿಸಿದ. ಆಮೇಲೆ ಅವರು ಬೇಲಿಯ ಆಚೆ ಕೂದಲು ಕೆದರಿ ನಿಂತಿದ್ದ ನಮ್ಮಿಬ್ಬರನ್ನು ಕಂಡರು. ನಮಗೆ ಗೊತ್ತಿಲ್ಲದೆ ಬಂದ ಮಕ್ಕಳು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ.

ಲಕ್ಕವ್ವ ಕಟ್ಟೆಯಿಂದ ಇಳಿದಳು. "ಹೋಗ್ಲೇನ ಬೇ?"

ಅಜ್ಜಿ ಬಾಯವ್ವ ಬಾಗಿಲಲ್ಲಿ ನಿಂತಿದ್ದರು. "ಹೊತ್ತ ಏರಾಕತ್ತೈತಿ. ಏನರ ಒಂದ ಹೇಳು," ಎಂದರು ಮಾಳವ್ವನಿಗೆ.

ಮಾಳವ್ವ ಮಗಳ ಮುಂದೆ ಕೂತು, ಬಾಚಿದ ಕೂದಲನ್ನೇ ಮತ್ತೊಮ್ಮೆ ಒತ್ತಿ ಸರಿಮಾಡಿದರು. "ಹೋಗು," ಎಂದರು. "ಸಂಜಿಗೆ ಆಯಿ ಕಡೆ ಬಾ. ಆಯಿ ಮಾತ ಕೇಳು. ಏ ಸಿದ್ಯಾ, ದಿನಾ ಬರ್ತಿಯೇನಲೇ ಕರ್ಯಾಕ?"

"ಆಕಿ ತಾನ ಬಂದ್ರ ನಾ ಯಾಕ ಬರ್ಲಿ?" ಎಂದ ಸಿದ್ದು.

ಮಾಳವ್ವ ನಕ್ಕುಬಿಟ್ಟರು. ನಾಲ್ಕೂ ಮಕ್ಕಳು ಬೇಲಿ ದಾಟಿ ನಮ್ಮನ್ನೂ ದಾಟಿ ಓಡಿದರು. ಶಾಂತವ್ವ "ಏ ಕಪಿಗೋಳ್ರಾ, ನಿಂದರ್ರಿ!" ಎನ್ನುತ್ತಾ ಅವರ ಹಿಂದೆ ಹೋದರು. ಲಕ್ಕವ್ವ ಹಿಂದಿರುಗಿ ನೋಡಲಿಲ್ಲ. ಮಾಳವ್ವ ಅವಳು ತೊಗರಿಯ ಮರೆಗೆ ಹೋಗುವವರೆಗೂ ನೋಡಿದರು.

ಆಮೇಲೆ ಕುದುರೆಯ ಹತ್ತಿರ ಹೋಗಿ ಎಡಬದಿಯ ಒಂದು ಸಣ್ಣ ಗಂಟನ್ನು ಬಿಚ್ಚಿದರು. ಲಕ್ಕವ್ವನ ಎರಡು ಫ್ರಾಕು, ಹೊದೆಯುವ ಒಂದು ಸಣ್ಣ ಕೌದಿ. ಅದನ್ನು ಬಾಯವ್ವನ ಕೈಗೆ ಕೊಟ್ಟರು. ಅಷ್ಟು ಹಗುರಾದದ್ದಕ್ಕೇ ಬಲಬದಿಯ ಹೊರೆ ಜೋಲಿತು. ಕುದುರೆ ಕಾಲು ಸರಿಸಿ ನಿಂತಿತು. ದೂರದಿಂದ ಗಂಡನ ಕೂಗು ಮತ್ತೆ ಕೇಳಿತು.

ಮಾಳವ್ವ ಸುತ್ತ ನೋಡಿದರು. ಕಟ್ಟೆಯ ಬುಡದಲ್ಲಿದ್ದ ಒಂದು ಕಲ್ಲನ್ನು ಎತ್ತಿ, ಕೈಯಲ್ಲಿ ತೂಗಿ ನೋಡಿ, ಕೆಳಗಿಟ್ಟರು. ಇನ್ನೊಂದನ್ನು ಎತ್ತಿದರು. ಅದು ಸರಿಹೋಯಿತು. ಹಳೆಯ ಬಟ್ಟೆಯಲ್ಲಿ ಅದನ್ನು ಸುತ್ತಿ, ಮಗಳ ಗಂಟು ಇದ್ದ ಜಾಗಕ್ಕೆ ಸಂತೆಯ ಹೊಸ ಹಗ್ಗದಿಂದ ಕಟ್ಟಿದರು. ಹೊರೆ ಎರಡೂ ಕಡೆ ಸಮನಾಯಿತು.

"ಬರ್ತೀನ್ರಿ ಅಕ್ಕಾರ," ಎಂದು ಕುದುರೆಯ ಹಗ್ಗ ಹಿಡಿದು ಹೊರಟರು.